ಮಗಳು ಕೇಳಿದ ಲೆನ್ಸು

ಜನವರಿ 11

ತಂಗೀ,

ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ನಮ್ಮಿಬ್ಬರ ರೂಢಿ. ಈ ಸಲ ಹಾಗೆ ಬರೆಯುವುದಿಲ್ಲ. ನಿನ್ನ ಭಾವ ಕ್ಷೇಮ, ಸ್ಟುಡಿಯೋ ಕ್ಷೇಮ, ನಾನು ಮಾತ್ರ ನಿನ್ನೆಯಿಂದ ಕುದಿಯುತ್ತಿದ್ದೇನೆ.

ರಿಪೇರಿಗೆ ಕಳಿಸಿದ್ದ ಲೆನ್ಸ್ ಬಂತು. ಒಳಗಿನ ಫಂಗಸ್ ಪೂರ್ತಿ ಹೋಗಿದೆ, ಝೂಮ್ ರಿಂಗು ಸಲೀಸಾಗಿ ತಿರುಗುತ್ತಿದೆ. ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಲೆನ್ಸಿಗೆ ಸುತ್ತಿದ್ದ ಕಾಗದದಲ್ಲಿ ನೀನು ಬರೆದ ಆ ಎರಡು ಸಾಲು! "ಮರಿ ಒಂದು ಒಳ್ಳೆಯ ಸ್ಟ್ಯಾಂಡರ್ಡ್ ಝೂಮ್ ತಗೊಳ್ಳಬೇಕು ಅಂತಿದ್ದಾಳೆ. ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳಿದಳು." ಇಷ್ಟು ಬರೆದು ಕೆಳಗೆ ಒಂದು ನಗುಮುಖ ಬೇರೆ ಬಿಡಿಸಿದ್ದೀಯೆ.

ಮೊದಲನೆಯದಾಗಿ, ಅವಳು ನಿನ್ನ ಮರಿ ಅಲ್ಲ. ನನ್ನ ಮಗಳು. ಹುಟ್ಟಿ ಆರು ತಿಂಗಳಿಗೇ ಸ್ಟುಡಿಯೋದ ಪರದೆ ಎಳೆದು ಮೈಮೇಲೆ ಬೀಳಿಸಿಕೊಂಡವಳು, ಅವತ್ತಿನಿಂದ ಈ ಮನೆಯಲ್ಲಿ ಅವಳ ಹೆಸರು ತರಲೆ. ಹೊಸ ಹೆಸರಿಡುವ ಅಧಿಕಾರ ನಿನಗೆ ಯಾರು ಕೊಟ್ಟರು?

ಎರಡನೆಯದಾಗಿ, ಇಪ್ಪತ್ತಾರು ವರ್ಷದಿಂದ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವಳು ನಾನು. ಬೆಳಿಗ್ಗೆ ಹಾಕಿದರೆ ರಾತ್ರಿಯವರೆಗೆ ಕಳಚದೆ, ಗುಂಪಿಗೂ ಒಬ್ಬರ ಮುಖಕ್ಕೂ ಅದೊಂದನ್ನೇ ತಿರುಗಿಸಿ ತಿರುಗಿಸಿ ಬಳಸುವ ಲೆನ್ಸ್ ಯಾವುದಿರಬೇಕು ಅನ್ನುವುದು ನನ್ನ ಬೆರಳಿಗೆ ಗೊತ್ತು. ನೀನು ಲೆನ್ಸ್ ಬಿಚ್ಚಿ ಒರೆಸಿ ಮುಚ್ಚುವವಳು. ಹೊಲಿಗೆ ಮೆಷೀನ್ ರಿಪೇರಿ ಮಾಡುವವನ ಹತ್ತಿರ ಹೋಗಿ ಯಾರಾದರೂ ಅಂಗಿಗೆ ಅಳತೆ ಕೊಡುತ್ತಾರಾ?

ಅವಳು ಈ ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಹೊರಡುವ ಹಿಂದಿನ ದಿನ, ಅರ್ಜಿ ಫೋಟೋಗೆ ಬಂದ ಮುದುಕಿಯ ಮುಖ ಬಿಟ್ಟು ಅವರ ಕೈಬೆರಳು ತೆಗೆಯುತ್ತಾ ನಿಂತಿದ್ದಳು. ಗಿರಾಕಿ ಮುಂದೆಯೇ ಬೈದೆ. ಬೈದದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮಾರನೆಯ ದಿನ ಚೀಲ ಹೆಗಲಿಗೇರಿಸಿ ನಿನ್ನ ಊರಿನ ಬಸ್ಸು ಹತ್ತಿದಳು. ಈಗ ಯಾವುದೋ ಪ್ರೆಸ್ಸಿನಲ್ಲಿ ನಲ್ಲಿ, ಬೀಗ, ಫ್ಯಾನುಗಳ ಫೋಟೋ ತೆಗೆದು ಕ್ಯಾಟಲಾಗಿಗೆ ಕೊಡುತ್ತಾಳಂತೆ. ಇದನ್ನೂ ನೀನೇ ಹೇಳಿದ್ದು. ನನಗೆ ಭಾನುವಾರಕ್ಕೊಮ್ಮೆ ಫೋನು ಬರುತ್ತದೆ. "ಅಮ್ಮಾ, ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಅಲ್ಲಿಗೆ ಮುಗಿಯಿತು. ಲೆನ್ಸ್ ಬೇಕು ಅನ್ನುವ ಮಾತು ಆ ಮೂರು ಮಾತಿನ ನಡುವೆ ತೂರಿಸಲು ಅವಳಿಗೆ ಆಗಲಿಲ್ಲವಂತೆ.

ನಿನಗೆ ಫೋನ್ ಮಾಡೋಣವೆಂದರೆ ಮೂರನೆಯ ಮಾತಿಗೆ ಇಬ್ಬರಲ್ಲಿ ಒಬ್ಬರು ಕುಕ್ಕಿ ಇಟ್ಟುಬಿಡುತ್ತೇವೆ. ಹಾಗಾಗಿ ಬರೆಯುತ್ತಿದ್ದೇನೆ. ಅವಳು ಮತ್ತೆ ಕೇಳಿದರೆ "ನಿಮ್ಮಮ್ಮನ್ನ ಕೇಳು" ಎಂದಷ್ಟೇ ಹೇಳು. ದೊಡ್ಡ ಕಷ್ಟವೇನೂ ಅಲ್ಲ.

ನಿನ್ನ ಅಕ್ಕ


ಜನವರಿ 20

ಅಕ್ಕಾ,

ನಿನ್ನ ಕಾಗದ ಓದಿದೆ. ಪೋಸ್ಟಿನವನ ಚೀಲಕ್ಕೆ ಬೆಂಕಿ ಹತ್ತದೆ ಅದು ಇಲ್ಲಿಯವರೆಗೆ ಹೇಗೆ ಬಂತೋ.

ನಗುಮುಖಕ್ಕೆ ಕ್ಷಮೆ ಇರಲಿ. ಪೆನ್ನಿನಲ್ಲಿ ಮಸಿ ಇದೆಯಾ ಅಂತ ನೋಡಲು ಗೀಚಿದ್ದು.

ಮರಿ ಎಂದು ಕರೆಯುವುದಕ್ಕೂ ಕಾರಣವಿದೆ. ಬಂದ ಹೊಸತರಲ್ಲಿ ತರಲೆ ಎಂದೇ ಕೂಗಿದೆ. ತಿರುಗಿ ನೋಡಲಿಲ್ಲ. ಎರಡನೇ ಸಲ ಕೂಗಿದಾಗ "ಅದು ಅಮ್ಮ ಕರೆಯೋ ಹೆಸರು ಚಿಕ್ಕಮ್ಮಾ" ಅಂದಳು. ಮತ್ತೆ ಏನಂತ ಕರೆಯಲಿ, ನೀನೇ ಹೇಳು.

ಇನ್ನು ಹೊಲಿಗೆ ಮೆಷೀನಿನ ಮಾತು. ಅಕ್ಕಾ, ಅಪ್ಪನ ಸ್ಟುಡಿಯೋದಲ್ಲಿ ನನ್ನ ಜಾಗ ಯಾವುದಿತ್ತು ನೆನಪಿದೆಯಾ? ನಿನ್ನನ್ನು ಕ್ಯಾಮೆರಾ ಹಿಂದೆ ನಿಲ್ಲಿಸಿದ. ನನಗೆ ಒಂದು ಬ್ರಶ್ಶು, ಒಂದು ಸೀಸೆ ಸ್ಪಿರಿಟ್ಟು ಕೊಟ್ಟು ಕಿಟಕಿ ಪಕ್ಕ ಕೂರಿಸಿದ. "ನಿನ್ನ ಕೈ ನಡುಗಲ್ಲ, ನೀನು ಒರೆಸು" ಅಂದ. ನಡುಗದ ಕೈ ಇದ್ದವಳನ್ನು ಕ್ಯಾಮೆರಾ ಹಿಡಿಯಲು ಬಿಡಬೇಕಾ, ಒರೆಸಲು ಬಿಡಬೇಕಾ? ಯಾವ ಬೆಳಕು, ಯಾವ ಪರದೆ, ಯಾವ ಫೋಟೋ ಕಿಟಕಿಯಲ್ಲಿ ಇಡಬೇಕು, ಎಲ್ಲ ನಿನ್ನನ್ನೇ ಕೇಳುತ್ತಿದ್ದ. ಗಿರಾಕಿಗಳೂ ನಿನ್ನನ್ನೇ. ಕೊನೆಗೆ ಮನೆಗೆ ಯಾವ ಬಣ್ಣ ಹೊಡೆಸುವುದು ಅನ್ನುವುದನ್ನೂ ನಿನ್ನನ್ನೇ ಕೇಳಿದ್ದು. ನಾನು ಅದೇ ಕೋಣೆಯಲ್ಲಿ ಹತ್ತಿ ಸುತ್ತಿದ ಕಡ್ಡಿ ಹಿಡಿದುಕೊಂಡು ಕೂತಿರುತ್ತಿದ್ದೆ.

ಈಗ ನನ್ನನ್ನು ಒಬ್ಬಳು ಕೇಳಿದ್ದಾಳೆ. ಅದನ್ನೂ ತಂದು ನಿನ್ನ ಕೈಗೆ ಒಪ್ಪಿಸಬೇಕಾ?

ನಾನಿನ್ನೂ ಅವಳಿಗೆ ಏನೂ ಹೇಳಿಲ್ಲ. ರಿಪೇರಿಗೆ ಬರುವ ಲೆನ್ಸುಗಳಲ್ಲಿ ಹೆಚ್ಚಿನವು 24ರಿಂದ 70 ಮಿಲಿಮೀಟರಿನವು. ತೂಕ, ಆದರೆ ಕತ್ತಲಲ್ಲೂ ಕೈ ಕೊಡುವುದಿಲ್ಲ. 24ರಿಂದ 105 ಇನ್ನೂ ದೂರದ್ದನ್ನು ಎಳೆದು ತರುತ್ತದೆ, ಬೆಳಕು ಮಾತ್ರ ಸ್ವಲ್ಪ ಜಾಸ್ತಿ ಕೇಳುತ್ತದೆ. ಇನ್ನೂ ಒಂದೆರಡಿವೆ. ಸುಮ್ಮನೆ ಕೇಳುತ್ತಿದ್ದೇನೆ, ನೀನಾಗಿದ್ದರೆ ಯಾವುದು ತಗೊಳ್ಳುತ್ತಿದ್ದೆ?

ಭಾವ ಹೇಗಿದ್ದಾರೆ? ಬೆನ್ನುನೋವು ಕಡಿಮೆಯಾಯಿತಾ?

ತಂಗಿ


ಫೆಬ್ರವರಿ 2

ತಂಗೀ,

ಅಂತೂ ಕೇಳಿದೆಯಲ್ಲ! ಕೇಳಲು ಇಷ್ಟು ಬಳಸಿ ಬಳಸಿ ಬರಬೇಕಾಗಿರಲಿಲ್ಲ.

24ರಿಂದ 70, ಎಫ್ 2.8. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಆ 105ರ ಆಸೆಗೆ ಬೀಳಬಾರದು. ದೂರದ್ದು ಸಿಗುತ್ತದೆ ಅಂತ ಎಲ್ಲರೂ ಅದಕ್ಕೆ ಬಾಯಿ ಬಿಡುತ್ತಾರೆ, ಸಂಜೆಯಾದ ಮೇಲೆ ಮದುವೆ ಮನೆಯಲ್ಲಿ ಅಳುತ್ತಾ ಕೂರುತ್ತಾರೆ. ಇದಾದರೆ ಝೂಮ್ ಯಾವ ಕಡೆ ತಿರುಗಿಸಿದರೂ ಬೆಳಕು ಒಂದೇ ಸಮ ಬರುತ್ತದೆ. 24ರಲ್ಲಿ ಇಡೀ ಸಂಸಾರ ನಿಲ್ಲಿಸು, 70ರಲ್ಲಿ ಒಂದು ಮುಖ ತೆಗಿ, ಹಿಂದಿನದೆಲ್ಲ ಮಸುಕಾಗಿ ಮುಖವೊಂದೇ ಎದ್ದು ಬರುತ್ತದೆ. ಎಂಟು ಅಡಿ ದೂರ ನಿಂತು ತೆಗೆಯಬೇಕು. ಅಪ್ಪ ನೆಲಕ್ಕೆ ಅಂಟಿಸಿದ ಪಟ್ಟಿ ಇವತ್ತಿಗೂ ಸ್ಟುಡಿಯೋದಲ್ಲಿದೆ. ಹರಿದಾಗಲೆಲ್ಲ ಅದೇ ಜಾಗಕ್ಕೆ ಹೊಸದು ಅಂಟಿಸುತ್ತೇನೆ. ಅದಕ್ಕಿಂತ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ, ಎದುರಿಗಿದ್ದವರು ಮುದುಡಿಕೊಳ್ಳುತ್ತಾರೆ. ಇದನ್ನೆಲ್ಲ ತರಲೆಗೆ ಎಷ್ಟು ಸಲ ಹೇಳಿದ್ದೇನೋ. ಕಿವಿಗೆ ಹಾಕಿಕೊಂಡಿದ್ದರೆ ತಾನೇ.

ಆದ್ದರಿಂದ ಕೇಳುವುದು ಹೇಳುವುದು ಬೇಡ ಎಂದು ತೀರ್ಮಾನಿಸಿ, ಆ ಲೆನ್ಸನ್ನೇ ತರಿಸಿದೆ. ಹೊಸದು. ಇದೇ ಪಾರ್ಸೆಲ್ಲಿನಲ್ಲಿದೆ, ನೀನೇ ಬಿಚ್ಚಿ ಒಮ್ಮೆ ಒಳಗೆಲ್ಲ ನೋಡಿಬಿಡು. ನಿನ್ನ ಭಾವ ನಕ್ಕರು. "ಲೆನ್ಸ್ ತಾನೇ ಕಳಿಸ್ತಿರೋದು? ಮಗೂನ ದಡ ಸೇರಿಸೋ ಹಾಗೆ ಒದ್ದಾಡ್ತಿದೀಯಲ್ಲ" ಅಂದರು. ಅವರಿಗೇನು, ಮೊಳೆ ಹೊಡೆದು ಫ್ರೇಮು ಕೂರಿಸಿದರೆ ದಿನ ಮುಗಿಯಿತು.

ಕೊಡುವಾಗ ಒಂದು ಮಾತು. ನಿನ್ನ ಕೈಯಿಂದಲೇ ಕೊಡು, ಪರವಾಗಿಲ್ಲ. ಆದರೆ "ನಿಮ್ಮಮ್ಮ ಆರಿಸಿದ್ದು" ಎಂದು ಬಾಯಿಬಿಟ್ಟು ಹೇಳು. ನುಂಗಬೇಡ. ಪೆಟ್ಟಿಗೆ ಬಿಚ್ಚುವಾಗ ಅವಳ ಮುಖ ಹೇಗಾಯಿತು ಅನ್ನುವುದನ್ನು ಬರೆ. ಚಿಕ್ಕವಳಿದ್ದಾಗ ಏನಾದರೂ ಕೊಟ್ಟರೆ ಮೊದಲು ಮೂಸಿ ನೋಡುತ್ತಿದ್ದಳು. ಈಗಲೂ ಮೂಸುತ್ತಾಳಾ?

ನೀನು ದಿನಾ ಅವಳ ಮುಖ ನೋಡುತ್ತೀಯಲ್ಲ, ನನಗೆ ಇದೊಂದನ್ನಾದರೂ ಬರೆದು ತಿಳಿಸು.

ಅಕ್ಕ


ಫೆಬ್ರವರಿ 17

ಅಕ್ಕಾ,

ಲೆನ್ಸ್ ವಾಪಸ್ ಕಳಿಸುತ್ತಿದ್ದೇನೆ. ಗಾಜು ಚೆನ್ನಾಗಿದೆ, ದೂಳಿನ ಒಂದು ಕಣವಿಲ್ಲ. ಅವಳಿಗೆ ಆಗುವುದಿಲ್ಲ, ಅಷ್ಟೇ.

ಕೇಳಬಾರದಿತ್ತು, ಆದರೂ ಕೇಳುತ್ತೇನೆ. ನಿನ್ನ ಮಗಳ ಹತ್ತಿರ ಇರುವ ಕ್ಯಾಮೆರಾ ಯಾವುದು, ನಿನಗೆ ಗೊತ್ತಾ?

ಸ್ಟುಡಿಯೋದ ಹಳೆಯ ಕ್ಯಾಮೆರಾ ಅವಳು ತಂದಿದ್ದಾಳೆ ಎಂದುಕೊಂಡು ನೀನು ಇದನ್ನು ಕಳಿಸಿದ್ದೀಯೆ. ಅವಳು ಅದನ್ನು ತಂದಿಲ್ಲ. ಬಂದ ಮೂರನೇ ತಿಂಗಳು ಇಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಳು, ಒಳಗೆ ಚಿತ್ರ ಬೀಳುವ ಸೆನ್ಸರ್ ಸಣ್ಣದಿರುವುದು. ಜೊತೆಗೆ ಬಂದ 18ರಿಂದ 55ರ ಲೆನ್ಸ್ ಅದರ ಮೇಲಿದೆ. ಅಂಥ ಕ್ಯಾಮೆರಾಕ್ಕೆ ನಿನ್ನ ಲೆನ್ಸ್ ಹಾಕಿದರೆ 24 ಅನ್ನುವುದು 36ರ ಹಾಗೆ ಕೆಲಸ ಮಾಡುತ್ತದೆ. ಅಗಲವೇ ಸಿಗುವುದಿಲ್ಲ. ನಿನಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದವಳು ನೀನು.

ಅವಳು ರಜೆಯ ದಿನ ಏನು ತೆಗೆಯುತ್ತಾಳೆ ಗೊತ್ತಾ? ಸಣ್ಣ ಸಣ್ಣ ಅಂಗಡಿಗಳ ಒಳಗೆ ಕೆಲಸ ಮಾಡುವವರನ್ನು. ಬೀಗದ ಕೈ ಮಾಡುವವನು, ಇಸ್ತ್ರಿಯವಳು, ರಬ್ಬರ್ ಸ್ಟ್ಯಾಂಪ್ ಕೆತ್ತುವವನು. ಆ ಬೀಗದವನ ಅಂಗಡಿಗೆ ನಾನೇ ಹೋಗಿ, ನೀನು ಕಳಿಸಿದ ಲೆನ್ಸ್ ಹಾಕಿ ನೋಡಿದೆ. ನನ್ನ ಬೆನ್ನು ಗೋಡೆಗೆ ತಾಗಿತು. ಆದರೂ ಅವನ ಮುಖ ಬಂದರೆ ಕೈ ಬರುವುದಿಲ್ಲ, ಕೈ ಬಂದರೆ ಮುಖ ಬರುವುದಿಲ್ಲ. "ಇನ್ನೂ ಹಿಂದಕ್ಕೆ ಹೋಗ್ಬೇಕು ಅಂದ್ರೆ ಪಕ್ಕದ ಅಂಗಡಿ ಬಾಡಿಗೆಗೆ ತಗೋಬೇಕಮ್ಮಾ" ಅಂದ ಅವನು.

ಲೆನ್ಸ್ ಆರಿಸಬೇಕಾದರೆ ನನ್ನದೊಂದು ಕ್ರಮ ಇದೆ. ಅಂಗಡಿಗೆ ಹೋಗುವ ಮೊದಲು, ಈವರೆಗೆ ತೆಗೆದ ಚಿತ್ರಗಳನ್ನು ತೆರೆದು ನೋಡಬೇಕು. ಪ್ರತಿ ಚಿತ್ರವನ್ನು ಝೂಮ್ ಎಷ್ಟರಲ್ಲಿಟ್ಟು ತೆಗೆದದ್ದು ಎಂದು ಕ್ಯಾಮೆರಾ ತಾನೇ ಬರೆದಿಟ್ಟಿರುತ್ತದೆ. ನೀನು ಎಲ್ಲಿ ನಿಲ್ಲುವವಳು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ನಾವಿಬ್ಬರೂ ಕೂತು ಎಣಿಸಿದೆವು. ಎರಡು ಸಾವಿರದ ಮುನ್ನೂರು ಚಿತ್ರಗಳಲ್ಲಿ ಸಾವಿರದ ಏಳುನೂರು, ಆ ಲೆನ್ಸಿನ ಅತಿ ಅಗಲದ ತುದಿಯಾದ 18ರಲ್ಲೇ ಇವೆ. ನಿನ್ನ ಮಗಳು ಜನರ ಪಕ್ಕಕ್ಕೇ ಹೋಗಿ ನಿಲ್ಲುತ್ತಾಳೆ ಅಕ್ಕಾ. ಅವರು ಮುದುಡಿಕೊಳ್ಳುವುದೂ ಇಲ್ಲ. ನಿನ್ನ ಲೆನ್ಸ್ ರಿಪೇರಿಗೆ ಬಂದಿತ್ತಲ್ಲ, ಅದರ ಝೂಮ್ ರಿಂಗು 70ರ ಕಡೆ ಮಾತ್ರ ಸವೆದಿತ್ತು. 24ರ ಕಡೆ ಹೊಸದರ ಹಾಗೇ ಇತ್ತು.

ಅವಳಿಗೆ ಬೇಕಾದದ್ದು 17ರಿಂದ 50. ಈಗಿರುವುದರಷ್ಟೇ ಅಗಲ, ಆದರೆ ಕತ್ತಲಲ್ಲೂ ಕೈ ಕೊಡುವುದಿಲ್ಲ. ನಾನು ಹಾಗಂತ ಹೇಳಿದ್ದೇನೆ.

ತಂಗಿ


ಫೆಬ್ರವರಿ 26

ತಂಗೀ,

ನಿನ್ನ ಕಾಗದ ಬಂದ ದಿನವೇ ಸ್ಟುಡಿಯೋದ ಕಪಾಟು ತೆಗೆದು ನೋಡಿದೆ. ಪರದೆಗಳ ಸುರುಳಿ ಹಿಂದೆ ಆ ಹಳೆಯ ಕ್ಯಾಮೆರಾ ಇತ್ತು. ಬಟ್ಟೆ ಸುತ್ತಿ, ಬ್ಯಾಟರಿ ಬೇರೆ ತೆಗೆದು, ಜೋಪಾನವಾಗಿ ಇಟ್ಟುಹೋಗಿದ್ದಾಳೆ. ಹದಿನೈದು ತಿಂಗಳು ಅದು ಅಲ್ಲೇ ಇತ್ತು. ಅವಳು ತಗೊಂಡು ಹೋಗಿದ್ದಾಳೆ ಅಂದುಕೊಂಡು ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ನನ್ನದೊಂದು ವಸ್ತು ಅವಳ ಕೈಯಲ್ಲಿದೆಯಲ್ಲ ಅಂತ.

ನೀನು ಹೇಳಿದ ಹಾಗೆ ಎಣಿಸಿಯೂ ನೋಡಿದೆ. ಬೇರೆಯವರ ಫೋಟೋ ಅಲ್ಲ, ನಾನು ತೆಗೆದ ಅವಳ ಫೋಟೋಗಳು. ಶಾಲೆಯ ಆಟದ ಮೈದಾನ, ಹುಟ್ಟಿದ ಹಬ್ಬ, ಜ್ವರ ಬಿಟ್ಟ ಮೇಲೆ ಮೊದಲ ಸಲ ಅಂಗಳಕ್ಕೆ ಬಂದದ್ದು. ಐವತ್ತಕ್ಕಿಂತ ಕೆಳಗಿನದು ಒಂದೂ ಇಲ್ಲ. ಎಲ್ಲವೂ ಚೆನ್ನಾಗಿ ಬಂದಿವೆ. ಎಲ್ಲದರಲ್ಲೂ ಅವಳು ಇನ್ನೆಲ್ಲೋ ನೋಡುತ್ತಿದ್ದಾಳೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಬಾಯಿಬಿಟ್ಟು ಬರೆದಿದ್ದೇನೆ, ಬೇಕಾದರೆ ಇದಕ್ಕೂ ಒಂದು ನಗುಮುಖ ಬಿಡಿಸಿಕೋ. ನೀವಿಬ್ಬರೂ ಪಕ್ಕ ಪಕ್ಕ ಕೂತು ಅವಳ ಎರಡು ಸಾವಿರ ಚಿತ್ರ ಎಣಿಸಿದ್ದು ಓದಿ ಮೈಯೆಲ್ಲ ಉರಿದುಹೋಯಿತು. ಯಾವ ಚಿತ್ರಕ್ಕೆ ನಕ್ಕಿರಿ, ಯಾವುದಕ್ಕೆ ಸುಮ್ಮನಾದಿರಿ, ನಡುವೆ ಎದ್ದು ಚಹಾ ಮಾಡಿದವರು ಯಾರು? ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ನನಗೆ ಅದೇ ಯೋಚನೆ. ಮೊನ್ನೆ ಒಬ್ಬರಿಗೆ ಬಲಕ್ಕೆ ತಿರುಗಿ ಅನ್ನುವ ಬದಲು "ಎಣಿಸಿ" ಅಂದೆ. ಅವರು ಪಾಪ, ಒಂದು, ಎರಡು, ಮೂರು ಎಂದು ಎಣಿಸಲು ಶುರುಮಾಡಿದರು.

ಲೆನ್ಸ್ ನೀನೇ ಕೊಡಿಸು. 17ರಿಂದ 50 ಸರಿಯಾದದ್ದೇ. ನಾನು ಇನ್ನು ಅದರ ಸುದ್ದಿಗೆ ಬರುವುದಿಲ್ಲ.

ಒಂದೇ ಒಂದು ಕೇಳುತ್ತೇನೆ, ಇದಕ್ಕೆ ಮಾತ್ರ ವ್ಯಂಗ್ಯ ಬೆರೆಸದೆ ಉತ್ತರ ಬರೆ. ಲೆನ್ಸ್ ಬಗ್ಗೆ ಅವಳು ಮೊದಲು ನಿನ್ನನ್ನು ಕೇಳಿದಳಲ್ಲ, ಏನೆಂದು ಕೇಳಿದಳು? ಕೂತಿದ್ದಳಾ, ನಿಂತಿದ್ದಳಾ? ಅವಳ ಮಾತನ್ನು ಹೇಗಿತ್ತೋ ಹಾಗೆಯೇ ಬರೆ. ಮಗಳು ಒಬ್ಬರ ಹತ್ತಿರ ಬಂದು ಏನಾದರೂ ಕೇಳುವುದು ಹೇಗಿರುತ್ತದೆ ಅಂತ ನಾನು ಓದಿಯಾದರೂ ತಿಳಿದುಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ 4

ಅಕ್ಕಾ,

ಐದು ವಾರ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆದು, ಆ ಹಾಳೆ ಹರಿದುಹಾಕಿ, ಇದನ್ನು ಶುರುಮಾಡಿದ್ದೇನೆ.

ಅವಳು ನಿಂತಿದ್ದಳು. ಡಿಸೆಂಬರಿನ ಕೊನೆಯ ವಾರ, ಮಧ್ಯಾಹ್ನ. ನನ್ನ ಮೇಜಿನ ಮೇಲೆ ನಿನ್ನ ಲೆನ್ಸ್ ಬಿಚ್ಚಿಟ್ಟಿದ್ದೆ. ಅವಳು ಬಂದು, "ಇದು ಅಮ್ಮಂದಲ್ವಾ?" ಅಂದಳು. ಹೂಂ ಅಂದೆ. ಝೂಮ್ ರಿಂಗನ್ನು ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸುತ್ತಾ ನಿಂತಳು. ಆಮೇಲೆ ಅವಳು ಹೇಳಿದ್ದು ಇದು. ಹೇಗಿತ್ತೋ ಹಾಗೆಯೇ ಬರೆಯುತ್ತಿದ್ದೇನೆ.

"ಚಿಕ್ಕಮ್ಮಾ, ನಾನೊಂದು ಒಳ್ಳೆ ಲೆನ್ಸ್ ತಗೋಬೇಕು ಅಂತಿದೀನಿ. ಅಮ್ಮ ಆಗಿದ್ರೆ ಯಾವ್ದು ತಗೋತಿದ್ಲು, ಹಾಗೇ ಸುಮ್ನೆ ಕೇಳಿ ತಿಳ್ಕೊಂಡು ಹೇಳ್ತೀಯಾ? ನಾನು ಕೇಳ್ದೆ ಅಂತ ಹೇಳ್ಬೇಡ. ಹೇಳಿದ್ರೆ ಅವ್ಳು ಬಸ್ ಹತ್ತಿ ಇಲ್ಲಿಗೇ ಬಂದ್ಬಿಡ್ತಾಳೆ."

ಹೀಗೆ ಹೇಳಿ ನಕ್ಕಳು. ನೀನು ಬಸ್ಸು ಹತ್ತಿ ಬಂದರೆ ಅವಳಿಗೆ ಬೇಸರವಾಗುತ್ತದೆ ಅನ್ನುವ ನಗುವಲ್ಲ ಅದು. ನನಗೆ ಆಗಲೇ ಗೊತ್ತಾಯಿತು.

ಅವಳು ನನ್ನನ್ನು ಏನೂ ಕೇಳಿರಲಿಲ್ಲ ಅಕ್ಕಾ. ನಿನ್ನನ್ನು ಕೇಳು ಎಂದಿದ್ದಳು. ಊರಿನ ದೊಡ್ಡ ದೊಡ್ಡ ಫೋಟೋಗ್ರಾಫರುಗಳು ನನ್ನ ಅಂಗಡಿ ಮುಂದೆ ಲೆನ್ಸ್ ಹಿಡಿದುಕೊಂಡು ನಿಲ್ಲುತ್ತಾರೆ. ಯಾವುದು ಗಟ್ಟಿ, ಯಾವುದು ಬೇಗ ಕೈಕೊಡುತ್ತದೆ, ಯಾವುದರ ಒಳಗೆ ದೂಳು ಸೇರುತ್ತದೆ, ಇಡೀ ಬೀದಿಯಲ್ಲಿ ನನ್ನಷ್ಟು ತಿಳಿದವರಿಲ್ಲ. ಅವಳು ನನ್ನ ಮನೆಯಲ್ಲಿ ಉಂಡು, ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗಿ, ನನ್ನ ಮೇಜಿನ ಮುಂದೆಯೇ ನಿಂತು, ಅಮ್ಮ ಆಗಿದ್ದರೆ ಅನ್ನುತ್ತಾಳೆ. ಅಪ್ಪನ ಸ್ಟುಡಿಯೋದ ಕಿಟಕಿಯ ಪಕ್ಕ ಮತ್ತೆ ಕೂತ ಹಾಗಾಯಿತು ನನಗೆ. ಅದಕ್ಕೇ ಅವಳ ಮಾತಿನ ಅರ್ಧ ನುಂಗಿ, ಉಳಿದರ್ಧಕ್ಕೆ ನನ್ನ ಹೆಸರು ಹಚ್ಚಿ ನಿನಗೆ ಕಳಿಸಿದೆ. ನೀನು ಉರಿಯಲಿ ಅಂತಲೇ ಬರೆದದ್ದು. ಆ ನಗುಮುಖವೂ ಅದಕ್ಕೇ ಬಿಡಿಸಿದ್ದು.

ಇನ್ನೂ ಇದೆ. ನೀನು ಕಳಿಸಿದ ಲೆನ್ಸನ್ನು ಅವಳಿಗೆ ತೋರಿಸಲೇ ಇಲ್ಲ. ಅವಳು ಪ್ರೆಸ್ಸಿಗೆ ಹೋಗಿದ್ದಾಗ ಬಂತು, ಅವಳು ಪ್ರೆಸ್ಸಿನಲ್ಲಿದ್ದಾಗಲೇ ವಾಪಸ್ ಕಳಿಸಿದೆ. ಆಗುವುದಿಲ್ಲ ಅನ್ನುವುದೇನೋ ನಿಜ. ಆದರೆ ಆಗದಿದ್ದರೂ ಅವಳು ಅದನ್ನು ಇಟ್ಟುಕೊಳ್ಳುತ್ತಿದ್ದಳು. ಅದೇ ನನಗೆ ಬೇಡವಾಗಿತ್ತು.

ಕಳೆದ ವಾರ ಎಲ್ಲವನ್ನೂ ಅವಳ ಮುಂದೆ ಹೇಳಿಬಿಟ್ಟೆ. ನಿನ್ನ ಕಾಗದಗಳನ್ನೂ ಕೊಟ್ಟೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದಳು. "ಎಣಿಸಿ" ಅನ್ನುವುದಕ್ಕೆ ಬಂದಾಗ ನಕ್ಕಳು, ಆ ಕಾಗದದ ಕೊನೆಯ ಸಾಲಿಗೆ ಅತ್ತಳು. ಅಂದಿನಿಂದ ನನ್ನ ಜೊತೆ ತುಟಿ ಪಿಟಕ್ಕೆನ್ನುತ್ತಿಲ್ಲ. ತಟ್ಟೆ ತೊಳೆದಿಟ್ಟು ಕೋಣೆ ಸೇರುತ್ತಾಳೆ. ಹಾಸಿಗೆಯನ್ನೂ ಅಲ್ಲಿಗೇ ಒಯ್ದಿದ್ದಾಳೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ಬರೆದಿದ್ದೇನೆ ಎಂದುಕೋ.

ತಂಗಿ


ಏಪ್ರಿಲ್ 9

ತರಲೆ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಹೇಗೆ ಶುರುಮಾಡಬೇಕೋ ತಿಳಿಯದೆ ಮೂರು ಸಲ ನಿನ್ನ ಹೆಸರನ್ನೇ ಬರೆದು ಹೊಡೆದುಹಾಕಿದೆ. ನಿಮ್ಮಪ್ಪ ಹಿಂದೆ ನಿಂತು ಇಣುಕಿ, "ಪೆನ್ನು ಸರಿಯಿಲ್ವಾ?" ಅಂದರು.

ನೀನು ಕೇಳಿದೆಯಂತೆ. ನನಗೆ ತಲುಪುವಷ್ಟರಲ್ಲಿ ಮೂರು ತಿಂಗಳಾಯಿತು. ಉತ್ತರ ಹೇಳುತ್ತೇನೆ, ನಗಬೇಡ. ನಿನಗೆ ಯಾವ ಲೆನ್ಸ್ ಸರಿಯಾದದ್ದು ಅಂತ ನನಗೆ ಗೊತ್ತಿಲ್ಲ. ಅಮ್ಮ ಆಗಿದ್ದರೆ ಯಾವುದು ತಗೊಳ್ಳುತ್ತಿದ್ದಳು ಅಂದರೆ 24ರಿಂದ 70. ಅದು ಅಮ್ಮನಿಗೆ ಸರಿಯಾದದ್ದು. ಅಮ್ಮ ಎಂಟು ಅಡಿ ದೂರ ನಿಲ್ಲುವವಳು.

ನಿನ್ನ ಚಿಕ್ಕಮ್ಮನ ಕಾಗದ ಬಂದ ಮೇಲೆ ನಾನೂ ಒಂದು ಸಲ ನಿನ್ನ ಹಾಗೆ ಮಾಡಿ ನೋಡಿದೆ. ಸ್ಟುಡಿಯೋದ ಎದುರಿಗಿರುವ ಗಡಿಯಾರ ರಿಪೇರಿಯವನ ಅಂಗಡಿಗೆ ಹೋಗಿ, 24ರಲ್ಲಿಟ್ಟು, ಅವನಿಂದ ಎರಡಡಿ ದೂರದಲ್ಲಿ ನಿಂತೆ. "ಇಷ್ಟು ವರ್ಷ ಎದುರಿಗೇ ಇದೀರಿ, ಒಳಗೆ ಬಂದಿದ್ದು ಇವತ್ತೇ ನೋಡಿ" ಅಂದ. ಅಷ್ಟು ಹತ್ತಿರ ನಿಂತರೆ ಮನುಷ್ಯರ ಉಸಿರು ಕೇಳಿಸುತ್ತದಲ್ಲೇ! ನನಗೆ ಕೈ ನಡುಗಿ ಫೋಟೋ ಅಲುಗಾಡಿತು. ಅವನು ಮಾತ್ರ ಮುದುಡಿಕೊಳ್ಳಲಿಲ್ಲ.

ಆ ಮುದುಕಿಯ ಕೈಬೆರಳಿನ ಫೋಟೋ ನಿನ್ನ ಹತ್ತಿರ ಇನ್ನೂ ಇದೆಯಾ? ಇದ್ದರೆ ಕಳಿಸು. ಕಿಟಕಿಯಲ್ಲಿ ಇಡುತ್ತೇನೆ ಎಂದು ಈಗಲೇ ಮಾತು ಕೊಡುವುದಿಲ್ಲ. ನೋಡುತ್ತೇನೆ.

ಚಿಕ್ಕಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಮಾತಾಡು ಎಂದು ಬರೆಯಬೇಕು. ದೊಡ್ಡವರಾದವರು ಹಾಗೆ ಬರೆಯಬೇಕು. ನನಗೆ ಮನಸ್ಸಾಗುತ್ತಿಲ್ಲ. ಇನ್ನೂ ಸ್ವಲ್ಪ ದಿನ ಸಿಟ್ಟು ಮಾಡಿಕೊಂಡಿರು.

ಯಾವುದು ಕೊಳ್ಳುತ್ತೀಯ ಅನ್ನುವುದನ್ನು ನನಗೆ ತಿಳಿಸು. ತಿಳಿಸದಿದ್ದರೂ ಭಾನುವಾರ ಫೋನ್ ಮಾಡು. ಊಟ ಆಯ್ತು ಅಂತ ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆ ಏನಾದರೂ ಕೇಳು.

ಅಮ್ಮ


ಮೇ 3

ತಂಗೀ,

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಮೊದಲೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಿನ್ನ ಏಪ್ರಿಲ್ ಕಾಗದ ಓದಿದ ದಿನ, ನಿನ್ನ ಜೊತೆ ಈ ಜನ್ಮದಲ್ಲಿ ಮಾತಿಲ್ಲ ಎಂದು ನಿನ್ನ ಭಾವನ ಮುಂದೆ ಮೇಜು ಕುಟ್ಟಿ ಹೇಳಿದೆ. ಮಗಳು ಕೇಳಿದ್ದನ್ನು ಹೆತ್ತ ಅಮ್ಮನಿಗೆ ಮುಟ್ಟಿಸದಿರಲು ಎಂಥ ಎದೆ ಬೇಕು ಎಂದು ಕೂಗಾಡಿದೆ. ಅವರು ಫ್ರೇಮಿಗೆ ಮೊಳೆ ಹೊಡೆಯುತ್ತಲೇ ಹೂಂ, ಹೂಂ ಅಂದರು.

ಹೋದ ಗುರುವಾರಕ್ಕೆ ಹಿಂದಿನ ಗುರುವಾರ ತರಲೆಯ ಕಾಗದ ಬಂತು. ಹೌದು, ನನಗೆ ಕಾಗದ ಬರೆದಿದ್ದಾಳೆ, ನಾಲ್ಕು ಪುಟ. ಮುದುಕಿಯ ಕೈಬೆರಳಿನ ಫೋಟೋ ಕೂಡ ಕಳಿಸಿದ್ದಾಳೆ. ಅದರ ಬಗ್ಗೆ ಈಗ ಬೇಡ, ಬರೆಯಲು ಕೂತರೆ ನನ್ನಿಂದ ಆಗುವುದಿಲ್ಲ. ಅಂಗಡಿಯವನು ಎರಡು ಲೆನ್ಸುಗಳನ್ನು ಒಂದು ದಿನದ ಮಟ್ಟಿಗೆ ಪರೀಕ್ಷೆ ಮಾಡಲು ಕೊಡುತ್ತಾನಂತೆ, ಒಂದು 17ರಿಂದ 50, ಇನ್ನೊಂದು 17ರಿಂದ 70. ಮುಂದಿನ ಭಾನುವಾರ ನಾನು ಬರಬೇಕಂತೆ. ನನ್ನನ್ನೇ ನಿಲ್ಲಿಸಿ ಎರಡರಲ್ಲೂ ತೆಗೆದು ನೋಡುತ್ತಾಳಂತೆ, ಎರಡಡಿ ದೂರದಿಂದ. ಬಸ್ಸಿನ ಟಿಕೆಟ್ಟು ಅವತ್ತೇ ತೆಗೆಸಿದೆ.

ಆ ಕಾಗದದ ಮೂರನೇ ಪುಟದಲ್ಲಿ ನಿನಗೆ ಮುಟ್ಟಿಸಬೇಕಾದ ಮಾತುಗಳಿವೆ. ಅದು ನನ್ನ ಮೇಜಿನ ಮೇಲೆ ಹತ್ತು ದಿನದಿಂದ ಬಿದ್ದಿದೆ. ಒಂದೇ ಮನೆಯಲ್ಲಿದ್ದುಕೊಂಡು ನನ್ನ ಮೂಲಕ ಹೇಳಿಕಳಿಸುತ್ತಾಳೆ, ಅವಳಿಗೂ ಬುದ್ಧಿ ಇಲ್ಲ. ಮೊದಲ ದಿನ ನಾಳೆ ಬರೆಯೋಣ ಎಂದುಕೊಂಡೆ. ಎರಡನೆಯ ದಿನ, ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಟಪಾಲು ಕಳೆದುಹೋಯಿತು ಅಂದರೆ ಮುಗಿಯಿತು. ಭಾನುವಾರ ನಾನು, ಅವಳು, ಇಬ್ಬರೇ. ಐದನೆಯ ದಿನ ಅರ್ಧ ಮಾತ್ರ ಬರೆದರೆ ಸಾಕಲ್ಲವೇ, ಬರುವುದಿದ್ದರೆ ಬಾ ಎಂದಷ್ಟೇ ಬರೆದರೆ ಅದೂ ಸುಳ್ಳಲ್ಲವಲ್ಲ ಎಂದುಕೊಂಡೆ. ಬರೆದೂ ಬರೆದೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ನಿನ್ನ ನೆನಪಾಯಿತು. ಡಿಸೆಂಬರಿನಲ್ಲಿ ನೀನೂ ನಿನ್ನ ಮೇಜಿನ ಮುಂದೆ ಹೀಗೇ ಕೂತಿರಬೇಕು. ಎಷ್ಟು ಸುಲಭ ಅದು! ನಾಲಿಗೆಯ ಮೇಲೆ ತಾನೇ ಕರಗಿಹೋಗುತ್ತದೆ.

ಆ ಲಕೋಟೆ ಹರಿದೆ. ಅವಳ ಮಾತನ್ನು ಹೇಗಿದೆಯೋ ಹಾಗೆ ನೋಡಿಕೊಂಡು ಬರೆಯುತ್ತಿದ್ದೇನೆ, ಒಂದಕ್ಷರ ಬಿಟ್ಟಿಲ್ಲ.

"ಅಮ್ಮಾ, ಚಿಕ್ಕಮ್ಮನ್ನೂ ಕರಿ. ನಾನು ಮಾತು ಬಿಟ್ಟು ಮೂರು ವಾರ ಆಯ್ತು, ಈಗ ನಾನಾಗೇ ಹೋಗಿ ಕೇಳೋಕೆ ನಾಚಿಕೆ. ನೀನು ಬರೆದ್ರೆ ಬರ್ತಾಳೆ. ನಿನ್ನ ಫೋಟೋ ತೆಗೆಯೋಕೆ ನೀನು ಸಾಕು, ಆದ್ರೆ ಲೆನ್ಸ್ ತಗೋಬೇಕಾದ್ರೆ ಚಿಕ್ಕಮ್ಮ ಅದನ್ನ ಬೆಳಕಿಗೆ ಹಿಡಿದು ಒಳಗೆ ನೋಡಿ ಹೂಂ ಅನ್ಬೇಕು. ಅವ್ಳು ಹೂಂ ಅನ್ನದೆ ನಾನು ಯಾವ್ದನ್ನೂ ತಗೊಳ್ಳಲ್ಲ. ಅವ್ಳ ಕಣ್ಣಿನ ಮೇಲೆ ನನಗಿರೋ ನಂಬಿಕೆ ಇನ್ಯಾರ ಕಣ್ಣಿನ ಮೇಲೂ ಇಲ್ಲ. ಇದನ್ನ ಅವ್ಳಿಗೆ ಯಾವತ್ತೂ ಹೇಳಿಲ್ಲ. ನೀನು ಹೇಳು."

ಇನ್ಯಾರ ಕಣ್ಣು ಅನ್ನುವುದರಲ್ಲಿ ನಾನೂ ಸೇರಿದ್ದೇನೆ. ಅದನ್ನು ನನ್ನ ಕೈಯಲ್ಲೇ ಬರೆಸಿದ್ದಾಳೆ.

ಭಾನುವಾರ ಹನ್ನೊಂದು ಗಂಟೆಗೆ, ಲೆನ್ಸ್ ಅಂಗಡಿಯ ಮುಂದೆ. ತಡ ಮಾಡಬೇಡ. ನೀನು ಬರುವವರೆಗೆ ಅವಳು ನನ್ನ ಜೊತೆ ಒಳಗೆ ಕಾಲಿಡುವುದಿಲ್ಲ.

ಅಕ್ಕ